ಮುತ್ತಜ್ಜಿಯ ಹೆಸರು ಕೇಳಿದ್ದಕ್ಕೆ

ಗೆಳೆಯರೇ, ಇವತ್ತು ನನ್ನ ತವರು ಚೋರನೂರಿನ ಕಂದಾಯ ಕಚೇರಿಗೆ ಹೋಗಿದ್ದೆ. ನಮ್ಮ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಹಳೆಯ ದಾಖಲೆಯಲ್ಲಾದರೂ ಇದ್ದೀತು ಎಂಬ ಆಸೆ. ವಂಶವೃಕ್ಷ ಎಂದ ಕೂಡಲೇ ಗುಮಾಸ್ತರು ಕನ್ನಡಕ ಇಳಿಸಿದರು.

“ಹೊಲದಾಗ ಅದಿರು ಸಿಕ್ಕೈತೇನ್ರಿ ಅಕ್ಕಾರ?”

“ಇಲ್ರೀ, ಮುತ್ತಜ್ಜಿ ಹೆಸರು ಬೇಕಾಗೈತಿ.”

“ಎಲ್ರೂ ಹಂಗ ಅಂತಾರ್ರಿ. ಮಣ್ಣಿಗೆ ರೇಟು ಬರೋತನಕ ಯಾರಿಗೂ ಮುತ್ತಜ್ಜಿ ನೆನಪಾಗಿರ್ಲಿಲ್ಲ.”

ಅಲ್ಲಿದ್ದವರೆಲ್ಲ ನಕ್ಕರು, ಹೆಸರು ಮಾತ್ರ ಸಿಗಲಿಲ್ಲ. ಬೇರು ಹುಡುಕಲು ಹೋದೆ, ಪಾಲು ಕೇಳುವವಳಾದೆ!

ಹೊಸಪೇಟೆಗೆ ಮರಳುವ ಬಸ್ಸು ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಸುದ್ದಿಗೆ ಆ ಕಾಟವಿಲ್ಲವಲ್ಲ, ಸಂಡೂರು ದಾಟುವ ಮೊದಲೇ ತಮ್ಮನ ಫೋನು ಬಂತು. ಅಪ್ಪನ ಹೊಲ ನೋಡಿಕೊಳ್ಳುವವನು ಅವನೇ.

“ಅಕ್ಕಾ, ಪಾಲು ಬೇಕಿದ್ರ ನನ್ನ ಕೇಳಬೇಕಿತ್ತು. ಆಫೀಸಿಗ್ಯಾಕ ಹೋದಿ?”

“ಪಾಲು ಬ್ಯಾಡೋ ತಮ್ಮಾ. ಮುತ್ತಜ್ಜಿ ಹೆಸರು ನಿನಗರ ಗೊತ್ತೇನು?”



“ಗೊತ್ತೈತಿ. ಆದ್ರ ವಕೀಲರನ್ನ ಕೇಳಿ ಹೇಳ್ತೀನಿ. ನಾಳೆ ಮುಂಜಾನೆ ಹಿರೇರನ್ನ ಕರ್ಕೊಂಡು ನಿಮ್ಮನಿಗೆ ಬರ್ತೀನಿ.”

ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಎತ್ತುತ್ತಿಲ್ಲ. ಪ್ರತಿ ನಾಗರ ಪಂಚಮಿಗೂ ನನ್ನನ್ನು ತವರಿಗೆ ಕರೆದೊಯ್ಯಲು ತಪ್ಪದೆ ಬರುವ ತಮ್ಮ ಇವನು. ಈ ವರ್ಷ ಬರುತ್ತಾನೋ ಇಲ್ಲವೋ ಎಂಬುದೇ ಚಿಂತೆ.

ನಾಳೆ ಬರುವವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾಡಬೇಕೋ, ನಾನೂ ಒಬ್ಬ ವಕೀಲರನ್ನು ಕರೆಸಬೇಕೋ? ತಿಳಿದವರು ಹೇಳಿ. ವಕೀಲರು ಬಂದರೂ ಮಿರ್ಚಿಯನ್ನಂತೂ ಮಾಡಲೇಬೇಕಾಗುತ್ತದೆ.