ಮೂತಿಗೆ ಕಾಲು ಕಿಲೋ

ಪೇಟೆಯಲ್ಲಿ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವ ನನ್ನ ಗಂಡನನ್ನು ಎಲ್ಲರೂ ಗ್ರಾಂ ಎಂದೇ ಕರೆಯುತ್ತಾರೆ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಯಂತ್ರ ಸರಿಯಿದೆ ಎನ್ನುವವರಲ್ಲ. ಆ ಮುಳ್ಳನ್ನೂ ತಾವೇ ನೋಡಬೇಕು. ಇನ್ನೊಬ್ಬರು ನೋಡಿ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ನನಗೆ ಗೊತ್ತಿಲ್ಲವೇ?

ಇಂಥವರಿಗೆ ರಿಮೋಟ್ ವಿಮಾನದ ಹುಚ್ಚು. ಮೂರು ವರ್ಷ ನಮ್ಮ ಮಲಗುವ ಕೋಣೆಯಲ್ಲೇ ಹಗುರ ಮರ ಕೆತ್ತಿ, ಪ್ರತಿ ತುಂಡನ್ನೂ ತೂಗಿ, ಆಳುದ್ದ ರೆಕ್ಕೆಯ ವಿಮಾನ ಕಟ್ಟಿದರು. ಹಾಸಿಗೆ ಕೊಡವಿದರೆ ಮರದ ಹುಡಿ ಉದುರುತ್ತಿತ್ತು. ಅವರಿಗಿದ್ದದ್ದು ಒಂದೇ ಆಸೆ: ಅದು ಮೂತಿ ಮೇಲೆ ಮಾಡಿ, ಬರೀ ಪಂಖದ ಬಲದಲ್ಲಿ, ಕಣ್ಣೆದುರು ಗಾಳಿಯಲ್ಲಿ ನೆಟ್ಟಗೆ ನಿಲ್ಲಬೇಕು. ಕಣ್ಣಿನ ಡಾಕ್ಟರು ಮಾತ್ರ ಇವರಿಗೆ ಖಡಾಖಂಡಿತವಾಗಿ ಹೇಳಿದ್ದರು, ಈ ವರ್ಷ ಕಳೆದರೆ ದೂರದ್ದೇನೂ ಕಾಣುವುದಿಲ್ಲ ಎಂದು.

ಉಳಿದಿದ್ದದ್ದು ಎಂಜಿನ್. ಗೆಳೆಯರೊಬ್ಬರು ಎರಡು ಪೆಟ್ರೋಲ್ ಎಂಜಿನ್ ತಂದಿಟ್ಟು, "ಬೇಕಾದ್ದನ್ನ ಇಟ್ಕೊಳ್ಳಿ" ಎಂದರು. ಒಂದು ಇಪ್ಪತ್ತು ಸಿಸಿ, ಇನ್ನೊಂದು ಮೂವತ್ತು. ದೊಡ್ಡದು ಕಾಲು ಕಿಲೋ ಹೆಚ್ಚು ಭಾರ. ಇವರ ಕೈ ಚಿಕ್ಕದಕ್ಕೇ ಹೋಯಿತು.

"ಒಂದೊಂದು ಗ್ರಾಂ ಇಳಿಸೋಕೆ ಮೂರು ವರ್ಷ ಹಿಡೀತು. ಈಗ ಮೂತಿಗೆ ಕಲ್ಲು ಕಟ್ಲಾ?"

ಅದನ್ನೇ ಮೂತಿಗೆ ಕೂರಿಸಿ, ಸಮತೂಕ ನೋಡಲು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರು. ಬಾಲ ಕುಸಿಯಿತು. ಬ್ಯಾಟರಿಯನ್ನು ಮುಂದಕ್ಕೆ ಸರಿಸಿದರು. ಆಗಲೂ ಬಾಲ ಸ್ವಲ್ಪ ಕೆಳಗೇ.

"ರೀ, ಬಾಲ ಇಳೀತಿದೆ."

"ಅಷ್ಟೆಲ್ಲ ಗಾಳೀಲಿ ಸರಿಹೋಗುತ್ತೆ. ನಿಂಗೇನು ಗೊತ್ತು."

ಕೂದಲೆಳೆಗೆ ಅಂಗಡಿಯವರ ಬೆವರಿಳಿಸುವ ಮನುಷ್ಯ ಆಡುವ ಮಾತೇ ಇದು? ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಮೈದಾನಕ್ಕೆ ನಾನೂ ಹೋದೆ. ವಿಮಾನ ನೆಲ ಬಿಟ್ಟದ್ದೇ ತಡ, ಮೂತಿ ತಾನಾಗಿಯೇ ಮೇಲೆದ್ದಿತು. ಇವರು ತಗ್ಗಿಸಿದರೆ ನೆಲಕ್ಕೇ ಮುಖ ಮಾಡಿತು. ಮತ್ತೆ ಎದ್ದಿತು. ಮೋಡದ ಬಿಳುಪಿಗೆ ವಿಮಾನ ಸೇರಿಕೊಂಡಾಗ ಇವರು ಕಣ್ಣು ಕಿರಿದು ಮಾಡಿದರು.

"ಎಲ್ಲಿದೆ? ಕಾಣ್ತಿಲ್ಲ ಕಣೇ."

ನಾನು ಅವರ ಪಕ್ಕಕ್ಕೆ ಬಂದು ಮೇಲೆ ನೋಡಿದೆ. "ಬಲಕ್ಕೆ ವಾಲಿದೆ. ಈಗ ಇಳೀತಿದೆ, ಮೂತಿ ಎತ್ತಿ. ಸಾಕು, ಸಾಕು."

ಹುಲ್ಲಿಗೆ ಬಡಿದು ಒಂದು ಚಕ್ರ ಮುರಿಯಿತು. ರೆಕ್ಕೆ ಉಳಿಯಿತು.

ಮನೆಗೆ ಬಂದವರು ಚಕ್ರ ಸರಿಮಾಡಿ, ಚಿಕ್ಕ ಎಂಜಿನ್ ಬಿಚ್ಚಿ ದೊಡ್ಡದನ್ನು ಕೂರಿಸಿದರು. ಎರಡು ಬೆರಳ ಮೇಲೆ ವಿಮಾನ ಮಟ್ಟಸವಾಗಿ ನಿಂತಿತು.

"ಎಷ್ಟು ಅಂತ ತೂಗ್ತಾ ಹೋದೆ. ಭಾರ ಎಲ್ಲಿರ್ಬೇಕು ಅಂತ ನೋಡ್ಲೇ ಇಲ್ಲ" ಎಂದರು.

ಮುಂದಿನ ಭಾನುವಾರ ಅವರೇ ನನ್ನ ಚಪ್ಪಲಿ ಬಾಗಿಲಿಗೆ ತಂದಿಟ್ಟರು. ಮೈದಾನದಲ್ಲಿ ವಿಮಾನ ಈ ಸಲ ಹೇಳಿದ ಮಾತು ಕೇಳಿತು. ಎರಡು ಸುತ್ತು ಹಾಕಿ, ಹತ್ತಿರ ಬಂದು, ಮೂತಿ ಎತ್ತಿ, ನಮ್ಮೆದುರು ಗುಡುಗುತ್ತ ನಿಂತೇಬಿಟ್ಟಿತು. ಇವರು ರೆಪ್ಪೆ ಬಡಿಬಡಿದು ನೋಡುತ್ತಿದ್ದರು.

"ಮಂಜಾಗಿ ಕಾಣುತ್ತೆ. ನೆಟ್ಟಗಿದೆಯಾ?"

"ಸ್ವಲ್ಪ ಎಡಕ್ಕೆ ವಾಲಿದೆ."

ಕೂಡಲೇ ಅವರ ಹೆಬ್ಬೆರಳು ಬಲಕ್ಕೆ ಸರಿಯಿತು.

"ಈಗ?"

ನನ್ನ ಕಣ್ಣು ತುಂಬಿ ಬಂದವು. ಬೇಗ ಒರೆಸಿಕೊಂಡು ನೋಡಿ, "ಈಗ ನೆಟ್ಟಗಿದೆ ರೀ" ಎಂದೆ.