ಕೆಂಪು ಬೊಟ್ಟಿನ ಮ್ಯಾಗಜಿನ್

‘ಪಿಸ್ತೂಲು ಕೈಕೊಟ್ಟಿತಂತೆ’ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ರೇಗುತ್ತದೆ. ಪಿಸ್ತೂಲು ಪಾಪ, ಏನು ಮಾಡೀತು? ಬಹಳ ಸಲ ಕೈಕೊಡುವುದು ಅದರ ಹಿಡಿಯೊಳಗೆ ತೂರಿಸುವ ಮ್ಯಾಗಜಿನ್ನು, ಅಂದರೆ ಗುಂಡು ತುಂಬುವ ಉದ್ದನೆಯ ತಗಡಿನ ಡಬ್ಬಿ. ಅದರೊಳಗೊಂದು ಸ್ಪ್ರಿಂಗು, ಬಾಯಲ್ಲಿ ಗುಂಡನ್ನು ಕಚ್ಚಿ ಹಿಡಿಯುವ ಎರಡು ಅಂಚು. ಆ ಅಂಚುಗಳನ್ನು ನಾವು ತುಟಿ ಅನ್ನುತ್ತೇವೆ. ಒಂದು ಗುಂಡು ಹಾರಿದ ಕೂಡಲೇ ಸ್ಪ್ರಿಂಗು ಮುಂದಿನದನ್ನು ಮೇಲಕ್ಕೆ ನೂಕಬೇಕು, ಕಣ್ಣು ಮಿಟುಕಿಸುವುದರೊಳಗೆ. ತಡವಾಯಿತೋ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಗುತ್ತದೆ.

ನಾನು ಇಪ್ಪತ್ತೆಂಟು ವರ್ಷ ಒಂದು ಆಯುಧ ಕೊಠಡಿಯಲ್ಲಿ ಆರ್ಮರರ್ ಆಗಿದ್ದೆ. ಬಂದೂಕು ಪಿಸ್ತೂಲುಗಳನ್ನು ಬಿಚ್ಚುವುದು, ತೊಳೆಯುವುದು, ಎಣ್ಣೆ ಒರೆಸುವುದು, ಡ್ಯೂಟಿಗೆ ಹೋಗುವವರ ಕೈಗೆ ಕೊಡುವುದು, ವಾಪಸು ಪಡೆಯುವುದು, ಇಷ್ಟೇ ಕೆಲಸ. ಯಾವ ಇಲಾಖೆ ಅಂತ ಹೇಳುವುದಿಲ್ಲ. ಖಾಕಿ ಹಾಕುವ ಇಲಾಖೆಗಳು ಬೇಕಾದಷ್ಟಿವೆ. ಈಗ ನಿವೃತ್ತನಾಗಿ ರಾಮಕೃಷ್ಣನಗರದಲ್ಲಿದ್ದೇನೆ. ಬೆರಳ ಸಂದಿಯ ಎಣ್ಣೆ ವಾಸನೆ ಮಾತ್ರ ಹೋಗಿಲ್ಲ, ಅಥವಾ ನನಗೆ ಹಾಗನ್ನಿಸುತ್ತದೆ.

ಒಳ್ಳೆಯ ಮ್ಯಾಗಜಿನ್ ಆರಿಸುವುದು ಬದನೆಕಾಯಿ ಆರಿಸಿದ ಹಾಗೆ. ಹೊಳಪು ನೋಡಿ ಮೋಸ ಹೋಗಬಾರದು. ಮೊದಲು ತುಟಿಗಳನ್ನು ಬೆಳಕಿಗೆ ಹಿಡಿಯಬೇಕು. ಒಂದು ಸಲ ಸಿಮೆಂಟು ನೆಲಕ್ಕೆ ಬಿದ್ದಿದ್ದರೂ ಸಾಕು, ಒಂದು ತುಟಿ ಸೊಟ್ಟಗಾಗಿರುತ್ತದೆ. ಆಮೇಲೆ ಹೆಬ್ಬೆರಳಲ್ಲಿ ಸ್ಪ್ರಿಂಗಿನ ಮೇಲೆ ಕೂತಿರುವ ತಟ್ಟೆಯನ್ನು ಕೆಳಕ್ಕೆ ಒತ್ತಿ ಬಿಡಬೇಕು. ಒಳ್ಳೆಯದಾದರೆ ಹೆಬ್ಬೆರಳನ್ನು ಒದ್ದು ಮೇಲೆ ಬರುತ್ತದೆ. ಸೋತದ್ದು ಮುದುಕರು ಕುರ್ಚಿಯಿಂದ ಏಳುವ ಹಾಗೆ ಏಳುತ್ತದೆ. ಕೊನೆಗೆ ಮದ್ದಿಲ್ಲದ ಡಮ್ಮಿ ಗುಂಡು ತುಂಬಿ, ಪಿಸ್ತೂಲಿಗೆ ಹಾಕಿ, ಅದರ ಮೇಲುಭಾಗವನ್ನು ಕೈಯಲ್ಲೇ ಎಳೆದೆಳೆದು ಗುಂಡು ಸರಾಗ ಏರುತ್ತದೋ ನೋಡಬೇಕು. ವರ್ಷಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹೋದಾಗ ಯಾವುದರಲ್ಲಿ ಗುಂಡು ಸಿಕ್ಕಿಕೊಂಡಿತು ಅಂತ ನೆನಪಿಟ್ಟುಕೊಳ್ಳಬೇಕು.

ನೆನಪಿಟ್ಟುಕೊಂಡು ಮಾಡುವುದೇನು? ಕೆಟ್ಟದ್ದನ್ನು ಬಿಸಾಡುವ ಹಾಗಿಲ್ಲ. ರದ್ದು ಮಾಡಬೇಕಾದರೆ ಅರ್ಜಿ, ಸಮಿತಿ, ಮೂರು ಸಹಿ. ಬದಲಿ ಬರುವ ಹೊತ್ತಿಗೆ ಎಮ್ಮೆ ಕೋಣ ಎರಡೂ ಸತ್ತಿರುತ್ತವೆ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮಗಳು ಉಗುರಿಗೆ ಹಚ್ಚಿ ಮಿಕ್ಕಿದ್ದ ಕೆಂಪು ಬಣ್ಣದ ಶೀಶೆ ತಂದು, ನಂಬಲಾಗದ ಮ್ಯಾಗಜಿನ್ನುಗಳ ತಳಕ್ಕೆಲ್ಲ ಒಂದೊಂದು ಬೊಟ್ಟು ಇಟ್ಟೆ. ಡ್ಯೂಟಿಗೆ ಹೋಗುವವನಿಗೆ ಎರಡು ಮ್ಯಾಗಜಿನ್ ಕೊಡುತ್ತಿದ್ದೆವು, ಒಂದು ಪಿಸ್ತೂಲಿಗೆ, ಇನ್ನೊಂದು ಸೊಂಟದ ಪೌಚಿಗೆ. ಅಪಾಯದ ಡ್ಯೂಟಿಗೆ ಎರಡೂ ಒಳ್ಳೆಯವು. ಸುಖದ ಡ್ಯೂಟಿಗೆ ಒಂದು ಒಳ್ಳೆಯದು, ಒಂದು ಬೊಟ್ಟಿನದು. ಬೊಟ್ಟಿನ ಅರ್ಥ ನನಗೊಬ್ಬನಿಗೇ ಗೊತ್ತಿತ್ತು. ಬೇರೆಯವರಿಗೆ ಹೇಳಿದರೆ ‘ನಂಗ್ಯಾಕೆ ಕೆಟ್ಟದ್ದು ಕೊಟ್ರಿ’ ಅಂತ ಜಗಳಕ್ಕೆ ಬರುತ್ತಾರೆ, ಮೇಲಿನವರ ಕಿವಿಗೂ ಹೋಗುತ್ತದೆ. ಭಾರೀ ಬುದ್ಧಿವಂತ ನಾನು!

ನನ್ನ ಗೆಳೆಯನೊಬ್ಬ ಗನ್‌ಮ್ಯಾನ್ ಆಗಿದ್ದ. ನಮ್ಮೂರಿನವನೇ, ಗದ್ದೆ ಬಯಲಿನ ಆಚೆ ಕೇರಿಯವನು, ನನಗಿಂತ ಆರು ವರ್ಷ ಚಿಕ್ಕವನು. ‘ಅಣ್ಣ’ ಅನ್ನದೆ ಒಂದು ಮಾತೂ ಆಡುತ್ತಿರಲಿಲ್ಲ. ಯಾದವಗಿರಿಯ ಒಂದು ಬಂಗಲೆಯಲ್ಲಿ ವಯಸ್ಸಾದ ಯಜಮಾನರಿದ್ದರು. ಯಾವುದೋ ಕೇಸಿನಲ್ಲಿ ಸಾಕ್ಷಿ ಹೇಳಿದ್ದರಿಂದ ಅವರಿಗೆ ಬೆದರಿಕೆ ಇತ್ತು. ವರ್ಷಗಟ್ಟಲೆ ಏನೂ ಆಗಿರಲಿಲ್ಲವಾದ್ದರಿಂದ ನಾವೆಲ್ಲ ಅದನ್ನು ಪೇಪರ್ ಓದುವ ಡ್ಯೂಟಿ ಅಂತ ಗೇಲಿ ಮಾಡುತ್ತಿದ್ದೆವು. ಆ ಡ್ಯೂಟಿ ಇವನಿಗೆ ಬಿತ್ತು.

ಆಯುಧಪೂಜೆ ಮುಗಿದು ಎರಡು ದಿನವಾಗಿತ್ತು. ನಮ್ಮ ಕೊಠಡಿಯಲ್ಲಿ ಪೂಜೆ ಜೋರು. ಒಂದೊಂದು ಬಂದೂಕಿಗೂ ಅರಿಶಿನ ಕುಂಕುಮ, ಸೇವಂತಿಗೆ ಹೂ. ಆದರೆ ಮ್ಯಾಗಜಿನ್ನಿನ ಬಾಯಿಗೆ ಕುಂಕುಮ ಹಚ್ಚಲು ಮಾತ್ರ ನಾನು ಬಿಡುತ್ತಿರಲಿಲ್ಲ. ಪುಡಿ ಒಳಗಿಳಿದು ಎಣ್ಣೆಗೆ ಅಂಟಿದರೆ ಸ್ಪ್ರಿಂಗು ಹಾಳು. ‘ಹಚ್ಚೋದಾದ್ರೆ ತಳಕ್ಕೆ ಹಚ್ಚಿ’ ಎಂದು ಎಲ್ಲರ ಮೇಲೂ ಕೂಗಾಡುತ್ತಿದ್ದೆ. ಹಾಗೆ ತಳದ ಕೆಂಪು ಬೊಟ್ಟು ನಮ್ಮವರ ಕಣ್ಣಿಗೆ ದೇವರ ಬೊಟ್ಟಾಗಿತ್ತು. ನನ್ನ ಉಗುರು ಬಣ್ಣವನ್ನೂ ನಾನು ಅಲ್ಲೇ ಇಟ್ಟಿದ್ದೆ. ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಗೆಳೆಯ ಆಯುಧ ಪಡೆಯಲು ಕೊಠಡಿಯ ಕಿಟಕಿಗೆ ಬಂದ. ಗನ್‌ಮ್ಯಾನ್‌ಗೆ ಒಮ್ಮೆ ಕೊಟ್ಟರೆ ಡ್ಯೂಟಿ ಬದಲಾಗುವವರೆಗೂ ಅವನ ಹತ್ತಿರವೇ. ನಾನು ಎರಡು ಮ್ಯಾಗಜಿನ್ ಇಟ್ಟೆ.

“ಏನಣ್ಣ, ಇದ್ಕೆ ಮಾತ್ರ ಬೊಟ್ಟು ಗಟ್ಟಿಯಾಗಿ ಕೂತದೆ?”

“ಅದು ನನ್ ಗುರುತು. ಒರೆಸ್ಬೇಡ, ಹೋಗು.”

ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ. “ಆಯ್ತು ಬುಡಣ್ಣ” ಎಂದು ನಗುತ್ತಾ ಹೋದ. ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ಕಂಡೆ. ಕಂಡೂ ತಮಾಷೆ ಅಂದುಕೊಂಡೆ. ‘ಇದು ಪೌಚಿಗೆ, ಅದು ಪಿಸ್ತೂಲಿಗೆ’ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ ಯಾಕೆ ಅಂತ ಕೇಳುತ್ತಾನೆ. ಕೇಳಿಸಿಕೊಳ್ಳುವುದು ನನಗೆ ಬೇಡವಾಗಿತ್ತು.

ನಾಲ್ಕು ತಿಂಗಳ ಮೇಲೆ, ಬೆಳಿಗ್ಗೆ ಹತ್ತೂವರೆಗೆ, ಇಬ್ಬರು ಆ ಬಂಗಲೆಯ ಗೇಟಿಗೆ ಬಂದರು. ಲಗ್ನಪತ್ರಿಕೆ ಕೊಡಬೇಕು ಅಂದರು. ಲಗ್ನಪತ್ರಿಕೆ ಅಂದರೆ ನಮ್ಮಲ್ಲಿ ಯಾರು ತಾನೇ ಬಾಗಿಲು ಹಾಕುತ್ತಾರೆ? ಯಜಮಾನರು ಜಗಲಿಯಲ್ಲಿದ್ದವರು ಎದ್ದು ನಿಂತರು. ಬಂದವರ ಬಟ್ಟೆ ಚೀಲದಿಂದ ಪತ್ರಿಕೆಯ ಬದಲು ಮಚ್ಚು ಹೊರಬಂತು. ಗೆಳೆಯ ನಡುವೆ ನುಗ್ಗಿ ಪಿಸ್ತೂಲು ತೆಗೆದು ಒಂದು ಗುಂಡು ಮೇಲಕ್ಕೆ ಹಾರಿಸಿದ. ಅದು ಹಾರಿತು. ಒಬ್ಬ ಹಿಂದೆ ಸರಿದ, ಇನ್ನೊಬ್ಬ ಸರಿಯಲಿಲ್ಲ. ಎರಡನೆಯದಕ್ಕೆ ಪಿಸ್ತೂಲಿನ ಕುದುರೆ ಎಳೆದರೆ ಏನೂ ಇಲ್ಲ. ಗುಂಡು ಅರ್ಧಕ್ಕೆ ಮೇಲೆದ್ದು ಓರೆಯಾಗಿ ಸಿಕ್ಕಿಕೊಂಡಿತ್ತು. ಅವನು ಅದನ್ನು ಬಿಡಿಸಲು ನೋಡುತ್ತಿರುವಾಗಲೇ ಮಚ್ಚು ಬಲಗೈ ಮೇಲೆ ಬಿತ್ತು. ಅಷ್ಟರಲ್ಲಿ ಯಜಮಾನರು ಒಳಗೆ ಹೋಗಿ ಅಗುಳಿ ಹಾಕಿಕೊಂಡಿದ್ದರು, ಪಕ್ಕದ ಮನೆಯವರು ಕೂಗುತ್ತಾ ಓಡಿಬಂದರು, ಬಂದವರು ಪರಾರಿಯಾದರು. ಯಜಮಾನರಿಗೆ ಒಂದು ಗೀರೂ ಆಗಲಿಲ್ಲ. ಇವನ ಬಲಗೈಯ ಮೂರು ಬೆರಳು ಹೋದವು.

ಮಧ್ಯಾಹ್ನ ಪಿಸ್ತೂಲು ನನ್ನ ಮೇಜಿಗೆ ಬಂತು. ಗುಂಡು ಯಾಕೆ ಸಿಕ್ಕಿಕೊಂಡಿತು ಅಂತ ಪರೀಕ್ಷೆ ಮಾಡಿ ವರದಿ ಕೊಡಬೇಕಾದವನು ನಾನೇ. ಪೌಚಿನಲ್ಲಿದ್ದ ಮ್ಯಾಗಜಿನ್ನನ್ನು ಮೊದಲು ತೆಗೆದೆ. ತುಂಬಿದ್ದು ತುಂಬಿದ ಹಾಗೇ ಇತ್ತು, ತಳದಲ್ಲಿ ಬೊಟ್ಟಿಲ್ಲ. ಪಿಸ್ತೂಲಿನೊಳಗಿನದನ್ನು ಎಳೆದು ತಿರುಗಿಸಿದೆ. ನನ್ನ ಬೊಟ್ಟು. ಅಯ್ಯೋ ಶಿವನೇ, ಒಳ್ಳೆಯದನ್ನು ಸೊಂಟದಲ್ಲಿ ಕಟ್ಟಿಕೊಂಡು ಕೆಟ್ಟದ್ದನ್ನು ಕೈಯಲ್ಲಿ ಹಿಡಿದನಲ್ಲ!

ಎದ್ದು ಬಾಗಿಲು ಹಾಕಿದೆ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಬೊಟ್ಟನ್ನು ಒರೆಸಿದೆ. ಉಳಿದ ಮ್ಯಾಗಜಿನ್ನುಗಳ ಬೊಟ್ಟನ್ನೂ ಒರೆಸಿದೆ. ಬಟ್ಟೆ ಕೆಂಪಾಯಿತು, ಅದನ್ನು ಮಡಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ನಿಜ ಬರೆದರೆ ನಾನು ಹೋದೆ. ಮ್ಯಾಗಜಿನ್ ಸರಿಯಿತ್ತು ಅಂತ ಬರೆದರೆ, ಇವನೇ ಆಯುಧ ಸರಿಯಾಗಿ ನೋಡಿಕೊಂಡಿಲ್ಲ ಅಂತಾಗಿ ಅವನು ಹೋದ. ‘ಸ್ಪ್ರಿಂಗು ಹಠಾತ್ತನೆ ಬಲ ಕಳೆದುಕೊಂಡಿದೆ, ಮುಂಚಿತವಾಗಿ ತಿಳಿಯುವ ಸಾಧ್ಯತೆ ಇರಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವನನ್ನು ಉಳಿಸಿದೆ ಅಂತ ಆಗ ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಥೂ.

ಆಸ್ಪತ್ರೆಗೆ ಹೋದಾಗ ಕೈಗೆ ದಪ್ಪ ಬ್ಯಾಂಡೇಜು ಸುತ್ತಿದ್ದರು. ಅವನೇ ಹೇಳಿದ.

“ನಿಮ್ ಬೊಟ್ಟಿರೋದ್ನೇ ದಿನಾ ಪಿಸ್ತೂಲ್ಗೆ ಆಕ್ತಿದ್ದೆ ಕಣಣ್ಣ. ನೀವು ನೋಡಿ, ಪೂಜೆ ಮಾಡಿ ಕೊಟ್ಟಿದ್ದು. ಇನ್ನೊಂದು ಯಾರ್ ಮುಟ್ಟಿದ್ದೋ ಏನೋ. ಎಂಗಾಯ್ತೋ ಕಾಣೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ‘ಹಣೆಬರಹ ಕಣೋ’ ಎಂದೆ. ಅವನ ಹೆಂಡತಿ ನನಗೆ ಕುರ್ಚಿ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಕುಡಿದೆ.

ವಿಚಾರಣೆಯಲ್ಲಿ ನನ್ನ ವರದಿ ಓದಿದರು. ಅವನ ಮೇಲೆ ತಪ್ಪು ಹೊರಿಸಲಿಲ್ಲ. ಕಚೇರಿಯಲ್ಲಿ ಕೂರುವ ಕೆಲಸ ಕೊಟ್ಟರು. ಎಡಗೈಯಲ್ಲಿ ಬರೆಯಲು ಕಲಿತ. ಅದಕ್ಕೂ ಮನೆಗೆ ಬಂದು “ನಿಮ್ಮಿಂದ್ಲೇ ಕೆಲ್ಸ ಉಳೀತಣ್ಣ” ಎಂದು ಕಾಲಿಗೆ ಬೀಳಲು ಬಗ್ಗಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು. ಮೇಲಿಂದ ಕೃತಜ್ಞತೆ ಬೇರೆ. ಅವತ್ತಿನಿಂದ ಅವನು ಬರುವುದು ಕಂಡರೆ ಸುಮ್ಮಸುಮ್ಮನೆ ಹೆಂಡತಿಯ ಮೇಲೆ ರೇಗುತ್ತಿದ್ದೆ.

ಹೀಗೇ ಎರಡು ವರ್ಷ ನಡೆಯಿತು. ಈ ಸಲ ಆಯುಧಪೂಜೆಯ ಬೆಳಿಗ್ಗೆ ಗಂಡ ಹೆಂಡತಿ ಕುವೆಂಪುನಗರದಿಂದ ಹೊಸ ಸ್ಕೂಟರಿನಲ್ಲಿ ಬಂದರು. ಬಲಗೈಯಲ್ಲಿ ಆಕ್ಸಿಲರೇಟರ್ ಹಿಡಿಯಲಾಗದೆ ಅವನು ಗಾಡಿ ಓಡಿಸುವುದನ್ನೇ ನಿಲ್ಲಿಸಿದ್ದ. ಈಗ ಅವಳು ಕಲಿತು, ಮೊದಲ ಸಲ ಅವನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದಳು. ಹ್ಯಾಂಡಲಿಗೆ ಹೂ ಸುತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು.

“ಭಾವ, ಮೊದಲ್ನೇ ಬೊಟ್ಟು ನಿಮ್ ಕೈಯಿಂದ್ಲೇ ಆಗ್ಬೇಕು” ಎಂದಳು.

ಕುಂಕುಮದ ಬಟ್ಟಲು ತರಲು ಒಳಗೆ ಹೋದೆ. ಅವನು ಹಿಂದೆಯೇ ಬಂದ. ಬಟ್ಟಲಿಗೆ ಕೈ ಹಾಕಿದವನು ಹಿಂದಕ್ಕೆ ತೆಗೆದೆ.

“ಯಾಕಣ್ಣ?”

“ಬೇರೆ ಯಾರ ಕೈಲಾದ್ರೂ ಇಡಿಸ್ರೋ.”

“ಏ, ಏನಣ್ಣ ನೀವು! ಅವತ್ತು ಮೊದಲ್ನೇ ಗುಂಡಾದ್ರೂ ಆರ್ತಲ್ಲ, ಅದು ನಿಮ್ ಬೊಟ್ಟಿಂದ್ಲೇ. ಇಲ್ದಿದ್ರೆ ನನ್ ತಲೇನೇ ಓಗ್ತಿತ್ತು.”

ಅಲ್ಲಿಗೆ ನನ್ನ ಕೈಲಾಗಲಿಲ್ಲ. “ಅದು ಕುಂಕುಮ ಅಲ್ಲ ಕಣೋ. ಉಗುರು ಬಣ್ಣ. ಕೆಟ್ಟ ಮ್ಯಾಗಜಿನ್ ಅಂತ ಗುರುತಿಗೆ ಇಟ್ಟಿದ್ದೆ. ಗೊತ್ತಿದ್ದೇ ನಿಂಗೆ ಕೊಟ್ಟೆ. ಪೌಚಲ್ಲಿ ಇಟ್ಕೋತೀಯ ಅಂದ್ಕೊಂಡೆ, ಹೇಳ್ಲಿಲ್ಲ” ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ನನ್ನ ಮುಖ ನೋಡಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದ. ಹೊರಗೆ ಅವನ ಹೆಂಡತಿ ನನ್ನ ಹೆಂಡತಿಯ ಜೊತೆ ನಗುತ್ತಿದ್ದದ್ದು ಕೇಳುತ್ತಿತ್ತು.

“ಇನ್ನೊಂದು?” ಎಂದು ಕೇಳಿದ. “ಪೌಚಲ್ಲಿದ್ದದ್ದು?”

“ಅದು ಚೆನ್ನಾಗಿತ್ತು.”

ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬಲಗೈಯಲ್ಲಿ ಉಳಿದಿದ್ದ ಎರಡು ಬೆರಳನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡ.

“ಬನ್ನಿ, ಇಡಿ. ಅವ್ಳು ಕಾಯ್ತಾವ್ಳೆ. ಅವ್ಳಿಗೆ ಮಾತ್ರ ಏಳ್ಬೇಡಿ” ಎಂದ.

ಹೊರಗೆ ಹೋಗಿ ಸ್ಕೂಟರಿನ ಮುಂಭಾಗಕ್ಕೆ ಬೊಟ್ಟು ಇಟ್ಟೆ. ಅದು ಓರೆಯಾಯಿತು. ಅವನ ಹೆಂಡತಿ ಅದನ್ನು ಬೆರಳಲ್ಲಿ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಗಾಡಿ ತಿರುಗಿಸಿದಳು, ಅವನು ಹಿಂದೆ ಹತ್ತಿ ಕೂತ.

“ಬರ್ತೀವಿ ಸಾರ್” ಎಂದ.