ಬ್ರೇಕಿಗೊಬ್ಬ ನಂಬಿಗಸ್ತ

ಬಸವಕಲ್ಯಾಣದ ಕಾಳುಕಡಿಯ ಅಡತಿ ವ್ಯಾಪಾರಿ ಬಕ್ಕಪ್ಪನವರು ಮದುವೆಗೆ ಹೋದರೆ ಒಂದು ಚಪ್ಪಲಿಯನ್ನು ಮಂಟಪದ ಬಲಬಾಗಿಲಲ್ಲಿ ಬಿಡುತ್ತಾರೆ, ಇನ್ನೊಂದನ್ನು ಎಡಬಾಗಿಲಲ್ಲಿ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಒಯ್ಯುವುದಿಲ್ಲ ಎಂಬುದು ಅವರ ಐವತ್ತೆಂಟು ವರ್ಷದ ಅನುಭವದ ಸಾರ. ಊಟ ಮುಗಿದ ಮೇಲೆ ಅವರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಎಂಜಲೆಲೆಗಳ ಸಾಲು ದಾಟಿ, ಆಚೆಯ ಬಾಗಿಲಿಗೆ ಹೋಗುವ ದೃಶ್ಯ ಊರಿಗೆ ಹೊಸದಲ್ಲ. ಕ್ಷೌರದವನು ಹೊಸ ಬ್ಲೇಡನ್ನು ಅವರ ಕಣ್ಣೆದುರೇ ಬಿಚ್ಚಬೇಕು. ಗ್ಯಾಸ್ ಸಿಲಿಂಡರು ಮನೆ ಸೇರುವ ಮೊದಲು ಅಂಗಡಿಯ ತಕ್ಕಡಿ ಏರಿ ಇಳಿಯಬೇಕು. ಒಮ್ಮೆ ಜ್ವರ ಬಂದಾಗ ಥರ್ಮಾಮೀಟರನ್ನು ಮೊದಲು ಡಾಕ್ಟರ ಬಾಯಿಗೇ ಇಡಿಸಿ, ಅದು ಸರಿಯಾಗಿದೆಯೇ ಎಂದು ನೋಡಿದರೆಂದು ಜನ ಹೇಳುತ್ತಾರೆ. ಬಕ್ಕಪ್ಪನವರು ಇದನ್ನು ಅಲ್ಲಗಳೆಯುವುದಿಲ್ಲ. ಬಾಯಿಗಲ್ಲ, ಬಗಲಿಗೆ ಎಂದು ತಿದ್ದುತ್ತಾರೆ, ಅಷ್ಟೆ.

"ಇವತ್ತಿನ ತನಕ ನನಗ ಒಬ್ಬಾಂವನೂ ಮೋಸ ಮಾಡಿಲ್ಲ ನೋಡು," ಎಂದು ಅವರು ಹೆಂಡತಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಾರೆ.

"ಮೋಸ ಮಾಡ್ಬೇಕಂದ್ರ ಮಂದಿ ಹತ್ರ ಬರಬೇಕಲ್ರಿ," ಎನ್ನುತ್ತಾಳೆ ಸುಂದರಬಾಯಿ.

ಇಂಥ ಬಕ್ಕಪ್ಪನವರಿಗೆ ಒಂದು ಬುಧವಾರ ಕಾರಿನ ಬ್ರೇಕಿನ ಚಿಂತೆ ಹತ್ತಿತು. ಅವರ ಒಬ್ಬಳೇ ಮಗಳು ವಿದ್ಯಾವತಿಗೆ ಹುಮನಾಬಾದಿನ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಬರುವ ಸೋಮವಾರದಿಂದ ತಾನೇ ಕಾರು ಓಡಿಸಿಕೊಂಡು ಹೋಗಿ ಬರುವುದೆಂದು ಆಕೆ ನಿಶ್ಚಯಿಸಿದ್ದಳು. ಅದು ಸೊಲ್ಲಾಪುರ, ಹೈದರಾಬಾದ್ ಕಡೆಯ ಲಾರಿಗಳು ಹಗಲೆಲ್ಲ ಓಡಾಡುವ ಹೆದ್ದಾರಿ. ಕಾರಿಗೋ ಹನ್ನೊಂದು ವರ್ಷ ತುಂಬಿತ್ತು. ಬಕ್ಕಪ್ಪನವರು ಅದನ್ನು ಮನೆಯಿಂದ ಅಡತಿಗೆ, ಅಡತಿಯಿಂದ ಮನೆಗೆ, ಎತ್ತಿನ ಬಂಡಿಗೂ ಬೇಸರವಾಗದ ವೇಗದಲ್ಲಿ ಓಡಿಸಿಕೊಂಡಿದ್ದವರು. ಅವರ ಕಾರು ನಿಲ್ಲುವುದಕ್ಕೆ ಬ್ರೇಕು ಬೇಕಿರಲಿಲ್ಲ, ತುಸು ಏರು ಸಿಕ್ಕರೆ ಸಾಕಿತ್ತು. ಈಗ ಮಗಳು ಬ್ರೇಕು ಒತ್ತಿದರೆ ಮುಂದಿನ ಗಾಲಿಗಳು ಕಿರ್ರ್ ಎಂದು ಕೂಗುತ್ತಿದ್ದವು.

"ಮಕ್ಬೂಲ್ ಅದಾನಲ್ರಿ," ಎಂದಳು ಸುಂದರಬಾಯಿ. "ಇಪ್ಪತ್ತು ವರ್ಷದಿಂದ ನಮ್ಮ ಅಣ್ಣನ ಟ್ರ್ಯಾಕ್ಟರ್ ಅವನ ಗ್ಯಾರೇಜಿಗೇ ಹೋಗ್ತದ."

"ಅದೇ ಭಯ. ಇಪ್ಪತ್ತು ವರ್ಷ ಕೈಯಾಡಿಸಿದಾಂವಗ ನಾವು ಎಲ್ಲಿ ನೋಡ್ತೀವಿ, ಎಲ್ಲಿ ನೋಡಂಗಿಲ್ಲ ಅನ್ನೋದು ಬರೋಬ್ಬರಿ ಗೊತ್ತಿರ್ತದ."

"ಹಂಗಾದ್ರ ಹುಮನಾಬಾದಿನ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯೋಣ ಅಪ್ಪಾ," ಎಂದಳು ವಿದ್ಯಾವತಿ.

"ಅಲ್ಲಿ ಗಾಡಿ ಒಳಗ ಒಯ್ತಾರ, ಮಾಲಕನ್ನ ಗಾಜಿನ ಈಚೆ ಕೂಡಿಸ್ತಾರ. ತಂಪು ಗಾಳಿ, ಟಿವಿ, ಪುಕ್ಕಟೆ ಚಾ. ಯಾಕ? ಕಣ್ಣು ಟಿವಿ ಮ್ಯಾಲಿರ್ಲಿ, ಗಾಡಿ ಮ್ಯಾಲ ಬ್ಯಾಡಂತ! ಪುಕ್ಕಟೆ ಚಾ ಕುಡಿಸಾಂವ ಏನರೆ ಒಂದು ಮುಚ್ಚಾಕತ್ತಾನ ಅಂತ ತಿಳ್ಕೋ."

"ಮತ್ತ ಯಾರ್ ಮಾಡ್ಬೇಕ್ರಿ? ನೀವೇ ಮಾಡ್ತೀರೇನು?"

ಸುಂದರಬಾಯಿ ಚುಚ್ಚಿ ಆಡಿದ ಮಾತನ್ನು ಬಕ್ಕಪ್ಪನವರು ಸಲಹೆಯೆಂದು ಸ್ವೀಕರಿಸಿದರು. ಆ ಮಧ್ಯಾಹ್ನವೆಲ್ಲ ಫೋನಿನಲ್ಲಿ ಯಾರೋ ಹಿಂದಿಯವನು ಬ್ರೇಕು ಬಿಚ್ಚುವುದನ್ನು ನೋಡಿದರು. ಜಾಕ್ ಏರಿಸುವುದು, ಗಾಲಿ ತೆಗೆಯುವುದು ಕೈಗೆ ಹತ್ತಿತು. ಅದರ ಮುಂದಿನ ಪಾಠದಲ್ಲಿ ನಟ್ಟು ಬಿಚ್ಚುವ ಪಾನಾ ಜಾರಿ ಹೆಬ್ಬೆರಳು ಜಜ್ಜಿತು. ಆ ಹಿಂದಿಯವನು ಬೇಕೆಂದೇ ಒಂದು ಮಾತು ಬಿಟ್ಟು ಹೇಳಿದ್ದಾನೆ ಎಂದು ತೀರ್ಮಾನಿಸಿ ಗಾಲಿ ಮತ್ತೆ ಜೋಡಿಸಿದರು.

ಗುರುವಾರ ಕಾರು ಮಕ್ಬೂಲನ ಗ್ಯಾರೇಜಿಗೆ ಹೋಯಿತು. ಬಕ್ಕಪ್ಪನವರು ಗಾಲಿಯಿಂದ ಒಂದು ಮಾರು ದೂರದಲ್ಲಿ ಸ್ಟೂಲು ಹಾಕಿಸಿಕೊಂಡು, ತನಿಖಾಧಿಕಾರಿಯ ಠೀವಿಯಲ್ಲಿ ಕುಳಿತರು. ಮಕ್ಬೂಲ್ ಗಾಲಿ ತೆಗೆದು, ಒಳಗಿನ ಡಿಸ್ಕ್ ಎಂಬ ಉಕ್ಕಿನ ತಟ್ಟೆಯನ್ನೂ ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಪ್ಯಾಡುಗಳನ್ನೂ ತೋರಿಸಿದ.

"ನೋಡ್ರಿ ಸಾವ್ಕಾರ್ರ, ಪ್ಯಾಡ್ ಸವದಾವ. ನೀವು ಗಾಡಿ ಹೊಡೀತೀರಂದ್ರ ಇನ್ನ ಎರಡು ತಿಂಗಳು ನಡೀತಾವ. ಆದ್ರ ಬೇಟಿ ಹೈವೇಕ್ಕ ಹೋಗ್ತಾಳ, ಅದಕ್ಕ ಈಗೇ ಬದಲಿ ಮಾಡೋಣ. ಬ್ರೇಕ್ ಆಯಿಲ್ ಸುದ್ದಾ ಹಳೇದಾಗ್ಯದ."

"ಎರಡು ತಿಂಗಳು ನಡೀತಾವಂದ್ರ ಈಗ ಯಾಕ ಬದಲಿ?"

"ಹಂಗಾದ್ರ ಬಿಡ್ರಿ."

"ಸವದಾವ ಅಂತೀ, ಬಿಡ್ರಿ ಅಂತೀ. ಎರಡ್ರಾಗ ಖರೇ ಯಾವ್ದು?"

ಮಕ್ಬೂಲ್ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ. "ಶಕ್ ಇದ್ರ ಹುಮನಾಬಾದಿನ್ಯಾಗ ತೋರಿಸ್ರಿ. ಕಂಪನಿ ಸರ್ವಿಸಿನ್ಯಾಗ ಜಹೀರುದ್ದೀನ್ ಅಂತ ಅದಾನ, ಚಲೋ ಮನುಷ್ಯ. ಅವನೂ ಇದೇ ಹೇಳ್ತಾನ."

ಬಕ್ಕಪ್ಪನವರ ಸಂಶಯಕ್ಕೆ ರೆಕ್ಕೆ ಬಂದದ್ದು ಇಲ್ಲಿ. ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಅವನೂ ಇದೇ ಹೇಳುತ್ತಾನೆ ಎಂದು ಇವನಿಗೆ ಹೇಗೆ ಗೊತ್ತು? ಇಬ್ಬರೂ ಒಂದೇ. ಹುಮನಾಬಾದಿನವರು ಹಳೆಯ ಪ್ಯಾಡುಗಳನ್ನೇ ಒರೆಸಿ ಮತ್ತೆ ಕೂಡಿಸುತ್ತಾರೆ, ಹೊಸದೆಂದು ಹೇಳುತ್ತಾರೆ, ಸಂಜೆ ಮಕ್ಬೂಲನಿಗೆ ಫೋನು ಮಾಡಿ ನಗುತ್ತಾರೆ. ಆ ನಗು ಬಕ್ಕಪ್ಪನವರಿಗೆ ಈಗಲೇ ಕೇಳಿಸಿತು. ಪ್ಯಾಡು ಬದಲಿಸದೆಯೇ ಕಾರನ್ನು ಮನೆಗೆ ತಂದರು; ಶನಿವಾರ ಹುಮನಾಬಾದಿನ ಸರ್ವಿಸ್ ಸೆಂಟರಿಗೇ ಒಯ್ಯುವುದೆಂದು ವಿದ್ಯಾವತಿ ಪಟ್ಟು ಹಿಡಿದಳು.

ಶುಕ್ರವಾರ ಸುಂದರಬಾಯಿ ನಿರ್ಣಾ ಊರಿನ ನೆಂಟರ ಮನೆಗೆ ಹೋದಳು. ವಿದ್ಯಾವತಿ ಒಳಗೆ ಪಾಠದ ತಯಾರಿಯಲ್ಲಿದ್ದಳು. ಬಕ್ಕಪ್ಪನವರಿಗೆ ತಮ್ಮ ಅಡತಿಯ ಹಳೆಯ ಅಸ್ತ್ರ ನೆನಪಾಯಿತು.

ಅವರ ಅಂಗಡಿಯ ಪ್ರತಿ ಚೀಲದ ಮೇಲೂ ಒಂದು ಗುಂಡು ಗೆರೆ, ಅದರೊಳಗೆ 'ಬ' ಎಂಬ ಅಕ್ಷರ ಇರುತ್ತದೆ. ತಗಡಿನಲ್ಲಿ ಕೊರೆದ ಛಾಪು ಅದು. ದೀಪದ ಮಸಿಯನ್ನು ಔಡಲ ಎಣ್ಣೆಯಲ್ಲಿ ಕಲಸಿ, ತಗಡಿನ ಮೇಲೆ ಬ್ರಷ್ ಆಡಿಸಿದರೆ ಗುರುತು ಮೂಡುತ್ತದೆ. ಅಂಗಡಿಯ ಮಸಿಡಬ್ಬಿ ಅವರ ತಂದೆಯ ಕಾಲದ್ದು. ಮಳೆಗೂ ಹೋಗದ, ಒರೆಸಿದರೂ ಬಿಡದ ಮಸಿ. ಒಮ್ಮೆ ಮಂಠಾಳದಿಂದ ಬಂದ ಅವರ ತೊಗರಿ ಚೀಲಗಳು ಲಾರಿ ಆಫೀಸಿನಲ್ಲಿ ಯಾರದೋ ಹುಳುಕು ಮಾಲಿನ ಜೊತೆ ಬೆರೆತಾಗ, ಈ ಗುರುತೇ ಅವರ ಮಾಲನ್ನು ಉಳಿಸಿತ್ತು. ಚೀಲಕ್ಕೆ ನಡೆದದ್ದು ಬ್ರೇಕಿಗೆ ಯಾಕೆ ನಡೆಯಬಾರದು?

ಬಕ್ಕಪ್ಪನವರು ಜಾಕ್ ಏರಿಸಿದರು. ಮುಂದಿನ ಎರಡೂ ಗಾಲಿ ತೆಗೆದರು. ಬ್ರಷ್ಷನ್ನು ಸಂದಿಯಲ್ಲಿ ತೂರಿಸಿ ಪ್ಯಾಡುಗಳ ಅಂಚಿಗೆ ಧಾರಾಳವಾಗಿ ಮಸಿ ಹಚ್ಚಿದರು. ಪ್ಯಾಡು ಅವುಚಿ ಹಿಡಿಯುವ ತಟ್ಟೆಯೂ ನುಣ್ಣಗೆ ಹೊಳೆಯುತ್ತಿತ್ತು. ಅದನ್ನೂ ಬದಲಿಸಿ ಒಯ್ದರೆ? ಅದರ ಮೇಲೂ ಒಂದು ಗುಂಡು, ಒಂದು 'ಬ'. ಗೋಣಿಗಿಂತ ಉಕ್ಕಿನ ಮೇಲೆ ಅಕ್ಷರ ಚೆಂದ ಮೂಡಿತು. ತಮ್ಮ ಕಾರಿನ ಒಳಗೆ ತಮ್ಮ ಹೆಸರು ಕಂಡು ಅವರಿಗೆ ಒಂದು ಗಳಿಗೆ ಎದೆಯುಬ್ಬಿತು. ಗಾಲಿ ಕೂಡಿಸಿ, ಮೂರು ಸಲ ಸಾಬೂನು ಹಾಕಿ ಕೈ ತೊಳೆದುಕೊಂಡರು.

ಶನಿವಾರ ಬೆಳಿಗ್ಗೆ ವಿದ್ಯಾವತಿ ಕಾರು ತೆಗೆದಳು. ರಸ್ತೆ ರೂಢಿಯಾಗಲಿ ಎಂದು ಹುಮನಾಬಾದಿನ ತನಕ ತಾನೇ ಓಡಿಸುವುದಾಗಿ ಹೇಳಿದಳು. ಬಕ್ಕಪ್ಪನವರು ಪಕ್ಕದಲ್ಲಿ ಕುಳಿತು, ಕಿಟಕಿ ಇಳಿಸಿ, ಎದುರು ಬರುವ ಪ್ರತಿ ಲಾರಿಯ ಚಾಲಕನನ್ನೂ ಅನುಮಾನದಿಂದ ನೋಡುತ್ತಿದ್ದರು. ಓಣಿಯಲ್ಲಿ ಬ್ರೇಕು ಕಿರ್ರ್ ಎನ್ನಲಿಲ್ಲ. "ನೋಡು, ಸದ್ದು ತಾನೇ ಹೋತು," ಎಂದರು.

ಸಸ್ತಾಪುರ ಬಂಗ್ಲಾ ಹತ್ತಿರ ಮುಂದೊಂದು ಟ್ರ್ಯಾಕ್ಟರ್ ಟ್ರ್ಯಾಲಿಯ ತುಂಬ ಜೋಳದ ಒಣದಂಟಿನ ಕಣಕಿ ಹೇರಿಕೊಂಡು ಹೋಗುತ್ತಿತ್ತು. ರೋಡ್ ಹಂಪ್ ಬಂತು, ಟ್ರ್ಯಾಕ್ಟರ್ ನಿಧಾನವಾಯಿತು. ವಿದ್ಯಾವತಿ ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಇನ್ನೂ ಗಟ್ಟಿ ಒತ್ತಿದಳು. ಕಾರು ಎಡಕ್ಕೆ ಎಳೆಯುತ್ತ, ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು.

"ಅಪ್ಪಾ, ಹಿಡೀವಲ್ದು!"

ಆಕೆ ಕೈಬ್ರೇಕನ್ನು ಎರಡೂ ಕೈಯಲ್ಲಿ ಎಳೆದಳು. ಕಾರು ಗಕ್ಕನೆ ತಡೆದು, ಮೂತಿಯನ್ನು ಕಣಕಿಯಲ್ಲಿ ಹೂತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು, "ಕಣಕಿ ಅದ ಅಂತ ಉಳದ್ರಿ. ಕಬ್ಬಿಣ ಹೇರಿದ್ದಿದ್ರ ಏನ್ ಗತಿ?" ಎಂದು ಹೇಳಿ ಹೋದ. ವಿದ್ಯಾವತಿ ಇನ್ನೂ ಕೈಬ್ರೇಕು ಬಿಟ್ಟಿರಲಿಲ್ಲ. ಬಕ್ಕಪ್ಪನವರ ಕನ್ನಡಕದಲ್ಲಿ ಒಂದು ಜೋಳದ ಸೋಗೆ ಸಿಕ್ಕಿಕೊಂಡಿತ್ತು. ಮಗಳ ಮುಖ ನೋಡಿ ಅವರಿಗೆ ಹೆದರಿಕೆಯಾಯಿತು. ಸೋಮವಾರ ಈಕೆ ಒಬ್ಬಳೇ ಇದ್ದಿದ್ದರೆ? ಮುಂದೆ ಕಣಕಿಯ ಬದಲು ಲಾರಿ ಇದ್ದಿದ್ದರೆ? ಆ ಹೆದರಿಕೆ ಅರೆಗಳಿಗೆಯಲ್ಲಿ ಅವರಿಗೆ ರೂಢಿಯಿದ್ದ ದಾರಿಗೇ ಹೊರಳಿತು.

"ಮಕ್ಬೂಲ್," ಎಂದರು ಹಲ್ಲು ಕಚ್ಚಿ. "ಗುರುವಾರ ಗಾಲಿ ಬಿಚ್ಚಿದಾಂವ ಅವನೇ."

ಸರ್ವಿಸ್ ಸೆಂಟರಿನ ಎಳೆಯುವ ಗಾಡಿ ಬಂದು ಕಾರನ್ನು ಹುಮನಾಬಾದಿಗೆ ಒಯ್ದಿತು. ಅಲ್ಲಿ ಬಕ್ಕಪ್ಪನವರು ಚಹಾ ಮುಟ್ಟಲಿಲ್ಲ, ಟಿವಿಗೆ ಬೆನ್ನು ಹಾಕಿ ಗಾಜಿಗೆ ಮೂಗು ಒತ್ತಿ ನಿಂತರು. ಅರ್ಧ ತಾಸಿನ ಮೇಲೆ ಜಹೀರುದ್ದೀನ್ ಒಂದು ಟ್ರೇಯಲ್ಲಿ ಪ್ಯಾಡುಗಳನ್ನಿಟ್ಟುಕೊಂಡು ತಾನೇ ಹೊರಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಸಮಾಧಾನದ ಮಾತು. ಎರಡೂ ಬಕ್ಕಪ್ಪನವರಿಗೆ ಹಿಡಿಸಲಿಲ್ಲ.

"ಸರ್, ಪ್ಯಾಡಿಗೆ, ಡಿಸ್ಕಿಗೆ ಯಾರೋ ಎಣ್ಣಿ ಹಚ್ಚ್ಯಾರ್ರಿ. ಎಣ್ಣಿ ಹತ್ತಿದ ಮ್ಯಾಲ ಬ್ರೇಕ್ ಹ್ಯಾಂಗ ಹಿಡೀಬೇಕು?"

"ಯಾರೋ ಅಲ್ಲ, ಯಾರು ಅಂತ ನನಗ ಗೊತ್ತದ!" ಬಕ್ಕಪ್ಪನವರು ಫೋನು ತೆಗೆದರು. ನಾಲ್ಕು ಜನ ಸಾಕ್ಷಿ ಇರಲಿ ಎಂದು ಸ್ಪೀಕರ್ ಹಾಕಿದರು. ಚಹಾ ಕುಡಿಯುತ್ತಿದ್ದ ಗಿರಾಕಿಗಳೆಲ್ಲ ಟಿವಿ ಬಿಟ್ಟು ಇತ್ತ ತಿರುಗಿದರು.

"ಮಕ್ಬೂಲ್, ನನ್ನ ಮಗಳ ಜೀವಾನೇ ತೆಗೀತಿದ್ದೆಲ್ಲೋ! ಪ್ಯಾಡಿಗೆ ಎಣ್ಣಿ ಹಚ್ಚಿ ಕಳಿಸೀಯೇನು?"

"ತೋಬಾ! ಬೇಟಿ ಹ್ಯಾಂಗದಾಳ್ರಿ?" ಮಕ್ಬೂಲನ ದನಿ ಗಾಬರಿಯಾಗಿತ್ತು.

"ಅದಾಳ. ನಿನ್ನ ದಯೆಯಿಂದ ಅಲ್ಲ."

"ಸಾವ್ಕಾರ್ರ, ನಾ ಎಣ್ಣಿ ಮುಟ್ಟಿಲ್ರಿ. ನನ್ನ ಕಣ್ಣೀಲೆ ನೋಡೀನಿ, ಪ್ಯಾಡ್ ಒಣಾ ಇದ್ವು. ಅವ್ರು ತೋರಿಸಾಕತ್ತಿದ್ದು ನಿಮ್ಮ ಗಾಡೀ ಪ್ಯಾಡೇ ಹೌದೇನು? ಬ್ಯಾರೆ ಗಾಡೀವು ಇರಬಹುದು, ನೋಡ್ರಿ."

ಇದು ಬಕ್ಕಪ್ಪನವರಿಗೆ ತಡೆಯಲಾಗದ ಅವಮಾನ. ತಮಗೆ ಯಾರಾದರೂ ಬೇರೆಯವರ ಪ್ಯಾಡು ತೋರಿಸಿ ಹೋಗುವುದೇ? ತಮಗೆ?

"ನನಗ ಹುಚ್ಚ ಅಂತ ತಿಳದೀಯೇನು? ನನ್ನ ಗಾಡೀವೇ ಇವು! ನನ್ನ ಗುರುತು ಅದ ಇದರ ಮ್ಯಾಲ. ನಿಮ್ಮಂಥಾವ್ರು ಬದಲಿ ಮಾಡಬಾರದಂತ ನಾನೇ ನಿನ್ನೆ ಕೂತು ಔಡಲ ಎಣ್ಣ್ಯಾಗ ಮಸಿ ಕಲಸಿ, ಪ್ಯಾಡಿಗೂ ತಟ್ಟಿಗೂ ಚಂದಾಗಿ..."

ಮಾತು ಅಲ್ಲಿಗೆ ನಿಂತಿತು. ಬೆಳಿಗ್ಗೆ ಕಾರು ನಿಲ್ಲದ್ದು ಹೌದು, ಈ ಮಾತು ಮಾತ್ರ ಬರೋಬ್ಬರಿ ನಿಂತಿತು.

ಜಹೀರುದ್ದೀನ್ ಟ್ರೇಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ವಿದ್ಯಾವತಿ ಒಂದು ಪ್ಯಾಡನ್ನು ಮೂಗಿನ ಹತ್ತಿರ ಹಿಡಿದಳು. ಹುಟ್ಟಿದಾಗಿನಿಂದ ಅಡತಿಯಲ್ಲಿ ಕುಡಿದ ವಾಸನೆ.

"ಬ್ರೇಕ್ ಆಯಿಲ್ ಬದಲಿ ಮಾಡ್ತೀನಂತ ನೀನೇ ಅಂದಿದ್ಯಲ್ಲೋ ಮಕ್ಬೂಲ್," ಎಂದರು ಬಕ್ಕಪ್ಪನವರು, ಬಹಳ ಸಣ್ಣ ದನಿಯಲ್ಲಿ. "ಬ್ರೇಕಿಗೆ ಎಣ್ಣಿ ಬೇಕೇ ಬೇಕಲ್ಲ?"

"ಅದು ಪೈಪಿನ್ಯಾಗ್ರಿ ಸಾವ್ಕಾರ್ರ, ಪ್ಯಾಡಿನ ಮ್ಯಾಲಲ್ಲ," ಎಂದ ಮಕ್ಬೂಲ್. ಅವನು ನಗಲಿಲ್ಲ. ನಕ್ಕಿದ್ದರೆ ಬಕ್ಕಪ್ಪನವರಿಗೆ ಹಗುರಾಗುತ್ತಿತ್ತು. "ಜಹೀರ್ ಭಾಯ್, ಡಿಸ್ಕ್ ಬದಲಿ ಬ್ಯಾಡ್ರಿ, ಉಜ್ಜಿ ತೊಳದ್ರ ಸಾಕು. ಪ್ಯಾಡ್ ಅಷ್ಟೇ ಹೊಸಾವು ಹಾಕ್ರಿ, ಎಣ್ಣಿ ಕುಡದಾವ ಅವು."

"ನಾನೂ ಅದೇ ಹೇಳಾಕತ್ತಿದ್ದೆ," ಎಂದ ಜಹೀರುದ್ದೀನ್.

ಇಬ್ಬರೂ ಒಂದೇ ಎಂಬ ಬಕ್ಕಪ್ಪನವರ ಅನುಮಾನ ನಿಜವಾಯಿತು. ಇಬ್ಬರೂ ಒಂದೇ ಸತ್ಯ ಹೇಳುತ್ತಿದ್ದರು.

ವಿದ್ಯಾವತಿ ಅಪ್ಪನ ಕೈಯಿಂದ ಫೋನು ತಗೊಂಡಳು. "ಚಾಚಾ, ಇವತ್ತು ಇಲ್ಲೇ ಪ್ಯಾಡ್ ಹಾಕಿಸ್ತೀನಿ. ನಾಳೆ ನಿಮ್ಮ ಕಡೆ ತರ್ತೀನಿ, ಒಮ್ಮೆ ನೋಡ್ರಿ. ಇನ್ನ ಮುಂದ ಆರು ತಿಂಗಳಿಗೊಮ್ಮೆ ಬ್ರೇಕ್ ನಿಮ್ಮ ಕಡೀನೇ. ಗಾಡಿ ನಾ ತರ್ತೀನಿ. ಅಪ್ಪ ಬರಂಗಿಲ್ಲ."

"ನಾ ಯಾಕ ಬರಬಾರದು?" ಎಂದರು ಬಕ್ಕಪ್ಪನವರು.

"ಬರ್ರಿ. ರೋಡಿನ ಆಚೆ ಕೂಡ್ರಿ. ಕೈ ಜೇಬಿನ್ಯಾಗ."

ರವಿವಾರ ಮಕ್ಬೂಲ್ ಗಾಲಿ ತೆಗೆದ. ವಿದ್ಯಾವತಿ ಬಗ್ಗಿ ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡಳು. ಮಕ್ಬೂಲ್ ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಿದ. ಬಕ್ಕಪ್ಪನವರು ರಸ್ತೆಯ ಆಚೆಯ ಚಹಾದಂಗಡಿಯ ಬೆಂಚಿನಲ್ಲಿ ಕೂತು ಕುತ್ತಿಗೆ ಉದ್ದ ಮಾಡಿದರು. ಕೆಲಸ ಮುಗಿದ ಮೇಲೆ ಅವರು ಒಂದು ಸಣ್ಣ ಚೀಲ ತೊಗರಿಬೇಳೆ ಹೊತ್ತು ತಂದು ಮಕ್ಬೂಲನ ಎದುರು ಇಳಿಸಿದರು. ಕ್ಷಮೆ ಕೇಳುವ ಮಾತು ಅವರಿಗೆ ರೂಢಿಯಿರಲಿಲ್ಲ.

"ಮನಿ ಮಾಲು. ತಗೋ," ಎಂದರು.

ಮಕ್ಬೂಲ್ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಬೆಳಕಿಗೆ ಹಿಡಿದು ನೋಡಿದ. ಎರಡು ಕಾಳು ಹಲ್ಲಿಗಿಟ್ಟು ಕಡಿದ. ಆಮೇಲೆ ಚೀಲ ತಿರುಗಿಸಿ ಗುರುತು ನೋಡಿದ.

"ಏ, ನನ್ನ ಮ್ಯಾಲೇ ಶಕ್ ಏನೋ?" ಬಕ್ಕಪ್ಪನವರಿಗೆ ಸಿಟ್ಟೇ ಬಂತು.

"ಛೇ ಛೇ, ನಿಮ್ಮ ಮ್ಯಾಲ ಯಾಕ ಸಾವ್ಕಾರ್ರ? ಬ್ಯಾಳಿಗೆ ಎಣ್ಣಿ ಹತ್ಯದೇನು ಅಂತ ನೋಡಿದೆ."

ಸೋಮವಾರ ಬೆಳಿಗ್ಗೆ ವಿದ್ಯಾವತಿ ಒಬ್ಬಳೇ ಹೊರಟಳು. ಬಕ್ಕಪ್ಪನವರು ಅಡತಿಗೆ ಹೋದರೂ ಗಾದಿಯ ಮೇಲೆ ಕೂಡಲಿಲ್ಲ. ಒಂಬತ್ತೂವರೆಗೆ ಫೋನು ಬಂತು.

"ಮುಟ್ಟಿದೆ ಅಪ್ಪಾ. ಬ್ರೇಕ್ ಚಲೋ ಹಿಡೀತು. ಬಂಗ್ಲಾ ಹತ್ರ ಲಾರಿ ಅಡ್ಡ ಬಂತು, ಅಲ್ಲೇ ನಿಂತೆ."

"ಆಯ್ತವ್ವಾ," ಎಂದು ಅವರು ಫೋನು ಇಟ್ಟರು. ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಜಾಗದಲ್ಲಿ ಕೂಡಲೇ ಇನ್ನೊಂದು ಯೋಚನೆ ಬಂದು ಕುಳಿತಿತು. ಇಷ್ಟು ಬೇಗ, ಇಷ್ಟು ಸಲೀಸಾಗಿ 'ಚಲೋ ಅದ' ಎಂದದ್ದು ಯಾಕೆ? ಅಪ್ಪನಿಗೆ ಚಿಂತೆ ಬೇಡವೆಂದು ಸುಳ್ಳು ಹೇಳಿ, ಕಾರನ್ನು ಎಲ್ಲೋ ಬಿಟ್ಟು, ಬಸ್ಸಿನಲ್ಲಿ ಹೋಗಿರಬಾರದೇಕೆ? ಮತ್ತೆ ಫೋನು ಮಾಡಬೇಕೆಂದು ಬೆರಳಿಡುವಷ್ಟರಲ್ಲಿ ಅದೇ ಠಣ್ ಎಂದಿತು. ಮಗಳು ಫೋಟೋ ಕಳಿಸಿದ್ದಳು. ಕಾಲೇಜಿನ ಅಂಗಳದ ಬೇವಿನ ಗಿಡದ ನೆರಳಲ್ಲಿ ಬಿಳಿ ಕಾರು ನಿಂತಿತ್ತು. ಕೆಳಗೆ ಒಂದು ಸಾಲು ಇತ್ತು: "ನಂಬರ್ ಪ್ಲೇಟ್ ದೊಡ್ಡದು ಮಾಡಿ ನೋಡ್ಕೊಳ್ರಿ ಅಪ್ಪಾ."

ಬಕ್ಕಪ್ಪನವರು ಅತ್ತಿತ್ತ ನೋಡಿದರು, ಯಾರೂ ನೋಡುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು, ಫೋಟೋ ದೊಡ್ಡದು ಮಾಡಿ, ಒಂದೊಂದೇ ಅಂಕಿ ಓದಿಕೊಂಡು, ಆಮೇಲೆ ಗಾದಿಯ ಮೇಲೆ ಕುಳಿತರು.